ಒಂದೆಳೆ ವಜ್ರ: ಟೆನಿಸ್ ಬ್ರೇಸ್‌ಲೆಟ್ ನೋಡುವ ಬಗೆ, ಕೊಳ್ಳುವ ಬಗೆ

ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ನಾನು ನೀಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನ ನಡುವೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಅವುಗಳಿಗೆ ನಾನು ಕೊಟ್ಟ ಉತ್ತರಗಳನ್ನೂ ಆಯಾ ಜಾಗದಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹರಳುಗಳನ್ನು ವಿಂಗಡಿಸುವ ಮತ್ತು ಅವುಗಳಿಗೆ ಬೆಲೆ ಕಟ್ಟುವ ಕೆಲಸದಲ್ಲಿ ನಾನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದ್ದೇನೆ. ಈ ಅವಧಿಯಲ್ಲಿ ಟೆನಿಸ್ ಬ್ರೇಸ್‌ಲೆಟ್, ಅಂದರೆ ವಜ್ರಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿ ಮಾಡಿದ ಕೈಯ ಆಭರಣ, ಕೊಳ್ಳಬೇಕೆಂದು ಬಂದವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಬಹುಪಾಲು ಒಂದೇ: ಇದು ಎಷ್ಟು ಕ್ಯಾರೆಟ್? ಅದು ಕೇಳಬೇಕಾದ ಪ್ರಶ್ನೆಯೇ ಹೌದು, ಆದರೆ ಮೊದಲು ಕೇಳಬೇಕಾದದ್ದಲ್ಲ. ಈ ಆಭರಣವನ್ನು ಕೈಗೆತ್ತಿಕೊಂಡ ಕೂಡಲೇ ನಾನು ಅದನ್ನು ಮಗುಚಿ ಹಿಂಬದಿ ನೋಡುತ್ತೇನೆ, ಲಾಕ್ ನೋಡುತ್ತೇನೆ, ಕೊಂಡಿಗಳು ಬಾಗುವ ರೀತಿ ನೋಡುತ್ತೇನೆ. ಹರಳಿನ ಸರದಿ ಆಮೇಲೆ ಬರುತ್ತದೆ. ಯಾಕೆ ಹಾಗೆ ಎಂಬುದನ್ನು ವಿವರಿಸುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಈ ಆಭರಣಕ್ಕೆ ಈಗಿನ ಹೆಸರು ಬಂದದ್ದೇ ಅದು ಒಬ್ಬರ ಕೈಯಿಂದ ಕಳಚಿ ಬಿದ್ದದ್ದರಿಂದ. ಹದಿನೆಂಟು ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಗೆದ್ದ ಅಮೆರಿಕದ ಟೆನಿಸ್ ಆಟಗಾರ್ತಿ ಕ್ರಿಸ್ ಎವರ್ಟ್ ಅವರಿಗೆ ಆಭರಣ ಧರಿಸಿಕೊಂಡೇ ಅಂಕಣಕ್ಕೆ ಇಳಿಯುವ ರೂಢಿಯಿತ್ತು. ಅಮೆರಿಕನ್ ಓಪನ್ ಪಂದ್ಯದ ನಡುವೆ ಅವರ ಕೈಯಲ್ಲಿದ್ದ ವಜ್ರದ ಬ್ರೇಸ್‌ಲೆಟ್ ಕಳಚಿ ನೆಲಕ್ಕೆ ಬಿತ್ತು. ಆಟ ನಿಲ್ಲಿಸಿ ಅವರು ಅದನ್ನು ಎತ್ತಿಕೊಂಡರು. ಆಮೇಲೆ ಆ ಬಗ್ಗೆ ಕೇಳಿದಾಗ ಅದನ್ನು ತಮ್ಮ ಟೆನಿಸ್ ಬ್ರೇಸ್‌ಲೆಟ್ ಎಂದು ಕರೆದರು. ಈ ಘಟನೆ 1987ರಲ್ಲಿ ನಡೆಯಿತು ಎಂದು ಬಹಳ ಕಡೆ ಬರೆಯಲಾಗಿದೆ. ಆದರೆ ಎವರ್ಟ್ ಅವರೇ ಈಚಿನ ವರ್ಷಗಳಲ್ಲಿ ಹೇಳಿರುವಂತೆ ಅದು 1978ರ ಮಾತು. ಅಂದರೆ ಆ ಪಂದ್ಯಾವಳಿ ನ್ಯೂಯಾರ್ಕಿನಲ್ಲೇ ಫಾರೆಸ್ಟ್ ಹಿಲ್ಸ್ ಬಿಟ್ಟು ಫ್ಲಶಿಂಗ್ ಮೆಡೋಸ್‌ನ ಗಟ್ಟಿ ಅಂಕಣಕ್ಕೆ ಬಂದ ಮೊದಲ ವರ್ಷ. ಆ ವರ್ಷ ಅವರು ಹದಿನಾರರ ಹುಡುಗಿ ಪ್ಯಾಮ್ ಶ್ರೈವರ್ ಅವರನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ ಸತತ ನಾಲ್ಕನೆಯ ಬಾರಿಗೆ ಪ್ರಶಸ್ತಿ ಗೆದ್ದರು. ಅನುಭವಿಸಿದವರ ಮಾತಿಗೆ ಬೆಲೆ ಕೊಡಬೇಕೆಂಬ ಕಾರಣಕ್ಕೆ ನಾನು 1978 ಎಂದೇ ಹೇಳುತ್ತೇನೆ.

ಹೆಸರು ಆಗ ಬಂದರೂ ಆಭರಣ ಅದಕ್ಕಿಂತ ಎಷ್ಟೋ ಹಳೆಯದು. 1920ರ ದಶಕದಲ್ಲಿ, ಆರ್ಟ್ ಡೆಕೊ ಎಂದು ಮುಂದೆ ಹೆಸರಾದ ಶೈಲಿ ಯುರೋಪು ಅಮೆರಿಕಗಳಲ್ಲಿ ಹರಡಿದ್ದಾಗ, ಒಂದೇ ಸಾಲಿನಲ್ಲಿ ವಜ್ರಗಳನ್ನು ಕೂಡಿಸಿದ ಇಂಥ ಆಭರಣಗಳನ್ನು ಲೈನ್ ಬ್ರೇಸ್‌ಲೆಟ್ ಎಂದು ಕರೆಯುತ್ತಿದ್ದರು. ತೋಳಿಲ್ಲದ ಉಡುಪು ಬಳಕೆಗೆ ಬಂದು ಮುಂಗೈ ಪೂರ್ತಿ ಕಾಣುವಂತಾದ ಕಾಲ ಅದು. ಪ್ಲಾಟಿನಂ ಲೋಹವನ್ನು ಕರಗಿಸಿ ಬೆಸೆಯುವುದು ಅಕ್ಕಸಾಲಿಗರಿಗೆ ಕೈಗೂಡಿದ್ದರಿಂದ, ತೆಳುವಾದರೂ ಗಟ್ಟಿಯಾಗಿ ನಿಲ್ಲುವ ಗೂಡುಗಳನ್ನು ಮಾಡುವುದು ಸಾಧ್ಯವಾಗಿತ್ತು. ವಜ್ರದ ನಡುನಡುವೆ ಚೌಕವಾಗಿ ಕತ್ತರಿಸಿದ ನೀಲವನ್ನೋ ಪಚ್ಚೆಯನ್ನೋ ಕೂಡಿಸಿ, ಒಂದರ ಪಕ್ಕ ಒಂದರಂತೆ ನಾಲ್ಕೈದು ಎಳೆಗಳನ್ನು ಒಟ್ಟಿಗೆ ಧರಿಸುವವರೂ ಇದ್ದರು. ಇಂದಿನ ಟೆನಿಸ್ ಬ್ರೇಸ್‌ಲೆಟ್ ಅದೇ ಆಭರಣದ ಸರಳ ರೂಪ.

ನೂರು ವರ್ಷ ಕಳೆದರೂ ಇದು ಹಳತಾಗಿಲ್ಲ. ಅದಕ್ಕೆ ಕಾರಣ ಇದರ ರಚನೆಯಲ್ಲಿದೆ ಎಂದು ನನ್ನ ನಂಬಿಕೆ. ಪ್ರತಿ ಹರಳಿಗೂ ತನ್ನದೇ ಒಂದು ಗೂಡು. ಪ್ರತಿ ಗೂಡಿಗೂ ಪಕ್ಕದ ಗೂಡಿನೊಡನೆ ಬಾಗಿಲಿನ ತಿರುಗಣೆಯಂಥ ಒಂದು ಕೀಲು. ಹಾಗಾಗಿ ಇದು ಬಳೆಯಂತೆ ಬಿಗುವಾಗಿ ನಿಲ್ಲುವುದಿಲ್ಲ, ಬರಿಯ ಸರದಂತೆ ತಿರುಚಿಕೊಳ್ಳುವುದೂ ಇಲ್ಲ. ಕೈ ಎತ್ತಿದರೆ ಹಿಂದಕ್ಕೆ ಜಾರುತ್ತದೆ, ಇಳಿಸಿದರೆ ಮಣಿಕಟ್ಟಿಗೆ ಬಂದು ನಿಲ್ಲುತ್ತದೆ, ಹಾಗೆ ಸರಿದಾಡುವಾಗ ಒಂದೊಂದು ಹರಳೂ ಒಂದೊಂದು ಕೋನದಲ್ಲಿ ಬೆಳಕು ಹಿಡಿಯುತ್ತದೆ. ಉಂಗುರದಲ್ಲಿ ಒಂದು ದೊಡ್ಡ ಹರಳು ಎದ್ದು ಕಾಣುವ ಹಾಗೆ ಇಲ್ಲಿ ಯಾವ ಹರಳೂ ತಾನೇ ಮುಂದೆ ಬರುವುದಿಲ್ಲ. ರೇಷ್ಮೆ ಸೀರೆಗೂ, ಕಚೇರಿಗೆ ಉಡುವ ಹತ್ತಿ ಸೀರೆಗೂ, ಜೀನ್ಸ್ ಪ್ಯಾಂಟಿಗೂ ಇದು ಒಂದೇ ರೀತಿಯಲ್ಲಿ ಒಪ್ಪುವುದಕ್ಕೆ ಆ ಸಮಾನತೆಯೇ ಕಾರಣ. ಈಗ ಗಂಡಸರೂ ಇದನ್ನು ಧರಿಸುತ್ತಿದ್ದಾರೆ. ಅವರ ಮಣಿಕಟ್ಟಿನಲ್ಲೂ ಇದು ಚೆನ್ನಾಗಿಯೇ ಕಾಣುತ್ತದೆ.

ಈ ಸಮಾನತೆಯ ಬೆಲೆ ನಮ್ಮವರಿಗೆ ಹೊಸದಾಗಿ ಹೇಳಿಕೊಡಬೇಕಾದದ್ದೇನೂ ಅಲ್ಲ. ನಮ್ಮ ಅಜ್ಜಿಯಂದಿರ ಏಳು ಹರಳಿನ ಬೆಂಡೋಲೆಯನ್ನು ನೆನಪಿಸಿಕೊಳ್ಳಿ. ನಡುವೆ ಒಂದು, ಸುತ್ತ ಆರು. ಎರಡು ಕಿವಿಗೂ ಸೇರಿ ಹದಿನಾಲ್ಕು ಹರಳು. ಅದರಲ್ಲಿ ಒಂದು ಹರಳು ಮಂಕಾಗಿದ್ದರೆ ಮದುವೆಮನೆಯಲ್ಲಿ ಎದುರು ಕುಳಿತ ಹಿರಿಯರ ಕಣ್ಣಿಗೆ ಅದು ತಪ್ಪದೆ ಬೀಳುತ್ತಿತ್ತು. ಹದಿನಾಲ್ಕು ಹರಳುಗಳನ್ನು ಹೊಂದಿಸುವುದೇ ಅಷ್ಟು ಕಷ್ಟವಾದರೆ, ಐವತ್ತು ಅರವತ್ತು ಹರಳುಗಳನ್ನು ಒಂದೇ ಸಾಲಿನಲ್ಲಿ, ಒಂದರ ಪಕ್ಕ ಇನ್ನೊಂದನ್ನು ಇಟ್ಟು ಹೋಲಿಸಿ ನೋಡುವಂತೆ ಕೂರಿಸುವುದು ಎಂಥ ಕೆಲಸ ಎಂದು ಊಹಿಸಬಹುದು.

ಆ ಕೆಲಸವನ್ನು ಬೆಂಗಳೂರಿನ ನಗರ್ತಪೇಟೆಯ ಒಂದು ಮಹಡಿಯ ಮೇಲಿನ ಕಾರ್ಯಾಗಾರದಲ್ಲಿ ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲು ಹರಳುಗಳನ್ನು ಜರಡಿ ಹಿಡಿಯುತ್ತಾರೆ. ಕೈಹಿಡಿಯಷ್ಟು ಅಗಲದ ಹಿತ್ತಾಳೆಯ ಡಬ್ಬಿ, ಅದರೊಳಗೆ ಬದಲಿಸಿ ಹಾಕುವ ತೂತಿನ ತಟ್ಟೆಗಳು, ಒಂದೊಂದು ತಟ್ಟೆಗೂ ಒಂದೊಂದು ನಂಬರು. ರಾಗಿ ಜರಡಿ ಹಿಡಿದಂತೆ ಅಲ್ಲಾಡಿಸಿದರೆ ಒಂದೇ ಅಳತೆಯವು ಮೇಲೆ ಉಳಿಯುತ್ತವೆ. ಅವನ್ನು ಬಿಳಿಯ ಕಾಗದವನ್ನು ಮಡಿಸಿ ಮಾಡಿದ ದೋಣಿಯಂಥ ಮಡಿಕೆಯಲ್ಲಿ ತಲೆಕೆಳಗಾಗಿ, ಚೂಪು ತುದಿ ಮೇಲೆ ಬರುವಂತೆ ಸಾಲಾಗಿ ಜೋಡಿಸುತ್ತಾರೆ. ನೇರವಾಗಿ ನೋಡಿದಾಗ ವಜ್ರದ ಹೊಳಪು ಅದರ ಬಣ್ಣವನ್ನು ಮುಚ್ಚಿಬಿಡುತ್ತದೆ. ಮಗುಚಿ ಪಕ್ಕದಿಂದ ನೋಡಿದರೆ ಮಾತ್ರ ಎಲ್ಲಿ ಹಳದಿಯ ಛಾಯೆ ಇದೆ ಎಂಬುದು ತಿಳಿಯುತ್ತದೆ. ಅಲ್ಲಿ ಕೂತಿದ್ದ ಹಿರಿಯ ಕುಶಲಕರ್ಮಿಯೊಬ್ಬರು ಚಿಮಟದ ತುದಿಯಿಂದ ಸಾಲಿನ ಒಂದು ಹರಳನ್ನು ಆಚೆ ಸರಿಸಿದರು. ನನಗೆ ಅದರಲ್ಲಿ ಯಾವ ವ್ಯತ್ಯಾಸವೂ ಕಂಡಿರಲಿಲ್ಲ. "ಆಚಾರ್ರೇ, ಅದು ಯಾಕೆ ಬೇಡ?" ಎಂದು ಕೇಳಿದೆ. "ಒಂದೇ ಇದ್ದಿದ್ರೆ ಚಿನ್ನದಂಥ ಹರಳಮ್ಮ ಇದು. ಈ ಸಾಲಿಗೆ ಸೇರೋಲ್ಲ," ಎಂದರು. ಸ್ವಲ್ಪ ಹೊತ್ತು ನೋಡುತ್ತ ಕೂತ ಮೇಲೆ ನನ್ನ ಕಣ್ಣಿಗೂ ಅದು ಕಂಡಿತು.

ಈ ಸಣ್ಣ ಹರಳುಗಳ ಹಿಂದಿರುವ ಕೈಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಹದಿನೆಂಟನೆಯ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೆ ಜಗತ್ತಿಗೆ ವಜ್ರ ಹೋಗುತ್ತಿದ್ದದ್ದು ಹೆಚ್ಚಾಗಿ ನಮ್ಮ ಕೃಷ್ಣಾ ನದಿಯ ಬಯಲಿನ ಗಣಿಗಳಿಂದ. ಬಳ್ಳಾರಿಗೆ ದೂರವಲ್ಲದ ಅನಂತಪುರ ಜಿಲ್ಲೆಯ ವಜ್ರಕರೂರಿನ ಹೊಲಗಳಲ್ಲಿ ಮೊದಲ ಮಳೆ ಬಿದ್ದ ಮೇಲೆ ಇಂದಿಗೂ ಜನ ಹರಳು ಹುಡುಕುತ್ತಾರೆ. ಈಗ ನೆಲದಿಂದ ಬರುವ ವಜ್ರದಲ್ಲಿ ನಮ್ಮ ದೇಶದ ಪಾಲು ಅತಿ ಚಿಕ್ಕದು. ಮಧ್ಯಪ್ರದೇಶದ ಪನ್ನಾದ ಗಣಿಯಷ್ಟೇ ಹೆಸರಿಸುವಂಥದ್ದು. ಆದರೆ ಕತ್ತರಿಸಿ ಹೊಳಪು ಕೊಡುವ ಕೆಲಸದಲ್ಲಿ ಸೂರತ್ತಿಗೆ ಸಾಟಿಯಿಲ್ಲ. ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಹೊಳಪು ಪಡೆಯುವುದು ನಮ್ಮ ದೇಶದಲ್ಲಿ, ಬಹುಪಾಲು ಆ ಊರಿನಲ್ಲಿ. ಹಿಂದೆ ತುಂಬ ಚಿಕ್ಕ ಕಚ್ಚಾ ಹರಳುಗಳನ್ನು ಕತ್ತರಿಸುವ ಕೂಲಿಯೇ ಅವುಗಳ ಬೆಲೆಯನ್ನು ಮೀರುತ್ತಿತ್ತು. ಸೂರತ್ತಿನ, ಅದರ ನೆರೆಯ ನವಸಾರಿಯ ಕೈಗಳು ಆ ಕೆಲಸವನ್ನು ಒಲಿಸಿಕೊಂಡ ಮೇಲೆ, 1980ರ ದಶಕದಲ್ಲಿ ಆಸ್ಟ್ರೇಲಿಯದ ಆರ್ಗೈಲ್ ಗಣಿಯಿಂದ ಚಿಕ್ಕ ಹರಳುಗಳ ಹೊಳೆಯೇ ಹರಿದು ಬಂದ ಮೇಲೆ, ಅಮೆರಿಕದ ಮಧ್ಯಮ ವರ್ಗದ ಮನೆಗಳಿಗೆ ಟೆನಿಸ್ ಬ್ರೇಸ್‌ಲೆಟ್ ಎಟುಕಿತು. ಹೆಸರು ಕೊಟ್ಟದ್ದು ನ್ಯೂಯಾರ್ಕಿನ ಅಂಕಣವಾದರೂ ಅದನ್ನು ಮನೆಮನೆಗೆ ತಲುಪಿಸಿದ ಶ್ರಮ ಇಲ್ಲಿಯದು. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಇನ್ನು ಆರಿಸುವ ವಿಷಯ. ಮೊದಲು ಲಾಕ್. ಒಳ್ಳೆಯ ಬ್ರೇಸ್‌ಲೆಟ್‌ಗೆ ಸಾಮಾನ್ಯವಾಗಿ ಪೆಟ್ಟಿಗೆಯಂಥ ಲಾಕ್ ಇರುತ್ತದೆ: ಒಂದು ತುದಿಯಲ್ಲಿ ಮಡಿಸಿದ ಲೋಹದ ನಾಲಗೆ, ಇನ್ನೊಂದು ತುದಿಯಲ್ಲಿ ಅದು ಹೊಕ್ಕುವ ಚಿಕ್ಕ ಪೆಟ್ಟಿಗೆ. ನಾಲಗೆ ಒಳಗೆ ಹೋದಾಗ ಟಕ್ಕೆಂಬ ಸದ್ದು ಸ್ಪಷ್ಟವಾಗಿ ಕೇಳಬೇಕು; ಮೆತ್ತಗೆ ಜಾರಿ ಒಳಸೇರಿದರೆ ಆ ಲಾಕನ್ನು ನಂಬಬೇಡಿ. ಇದರ ಮೇಲೆ, ಎಂಟರ ಅಂಕಿಯಂತೆ ಬಾಗಿಸಿದ ಒಂದು ತಂತಿ ಪಕ್ಕದ ಗುಬುಟಿಗೆ ಸಿಕ್ಕಿಕೊಳ್ಳುವ ಎರಡನೆಯ ಭದ್ರತೆಯೂ ಇರಬೇಕು; ಎರಡೂ ಪಕ್ಕಗಳಲ್ಲಿದ್ದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲೇ ಆ ತಂತಿಯನ್ನು ಬಿಚ್ಚಿಟ್ಟು, ನಾಲಗೆಯೊಂದೇ ಹಿಡಿದಿರುವಾಗ ಮೆಲ್ಲಗೆ ಎಳೆದು ನೋಡಿ. ಹಾಗೆ ನೋಡುವುದಕ್ಕೆ ಯಾವ ಸಂಕೋಚವೂ ಬೇಡ. ವರ್ಷಗಟ್ಟಲೆ ಒತ್ತಿ ಒತ್ತಿ ನಾಲಗೆ ಚಪ್ಪಟೆಯಾಗುತ್ತದೆ. ಅಕ್ಕಸಾಲಿಗರು ಅದನ್ನು ಎರಡು ನಿಮಿಷದಲ್ಲಿ ಸರಿಪಡಿಸಬಲ್ಲರು, ನಾವು ಒಯ್ದು ತೋರಿಸಬೇಕಷ್ಟೆ.

ಆಮೇಲೆ ಕೀಲುಗಳು. ಬ್ರೇಸ್‌ಲೆಟ್ಟಿನ ಒಂದು ತುದಿ ಹಿಡಿದು ಇಳಿಬಿಟ್ಟರೆ ಅದು ನೂಲಿನಂತೆ ನೇರವಾಗಿ ತೂಗಬೇಕು. ಎಲ್ಲಾದರೂ ಸೊಟ್ಟಗೆ ನಿಂತರೆ ಆ ಜಾಗದ ಕೀಲು ಬಿಗಿಯಾಗಿದೆ ಎಂದರ್ಥ. ಮೇಜಿನ ಮೇಲೆ ಮಲಗಿಸಿ ಪಕ್ಕಕ್ಕೆ ತಳ್ಳಿ ನೋಡಿ: ತುಸು ಬಾಗುವುದು ಸಹಜ, ಹಾವಿನಂತೆ ಬಳುಕಿದರೆ ಕೀಲು ಸಡಿಲ. ಹಿಮ್ಮುಖವಾಗಿ ಬಾಗಿಸಿದಾಗ ಪಕ್ಕಪಕ್ಕದ ಹರಳುಗಳ ಅಂಚುಗಳು ಒಂದಕ್ಕೊಂದು ತಗುಲಬಾರದು. ವಜ್ರ ಎಲ್ಲಕ್ಕಿಂತ ಗಟ್ಟಿಯಾದ್ದರಿಂದ ಅದಕ್ಕೇನೂ ಆಗದು ಎಂಬ ನಂಬಿಕೆ ಜನರಲ್ಲಿದೆ. ಗಟ್ಟಿತನವೆಂದರೆ ಬೇರೆ ವಸ್ತುವಿನಿಂದ ಗೀರು ಬೀಳುವುದಿಲ್ಲ ಎಂಬುದಷ್ಟೇ ಅರ್ಥ. ವಜ್ರಕ್ಕೆ ವಜ್ರವೇ ತಾಗಿದರೆ ಗೀರೂ ಬೀಳುತ್ತದೆ, ಸರಿಯಾದ ಕೋನದಲ್ಲಿ ಪೆಟ್ಟು ಬಿದ್ದರೆ ಅಂಚು ಚಕ್ಕೆಯೂ ಏಳುತ್ತದೆ.

ಮೂರನೆಯದು ಹರಳನ್ನು ಹಿಡಿದಿರುವ ರೀತಿ. ಸಾಮಾನ್ಯವಾಗಿ ಉಗುರಿನಂಥ ನಾಲ್ಕು ಚಿಕ್ಕ ಹಿಡಿಗಳು ಒಂದು ಹರಳನ್ನು ಕಚ್ಚಿಕೊಂಡಿರುತ್ತವೆ. ಅಂಗಡಿಯವರು ಇವಕ್ಕೆ ಪ್ರಾಂಗ್ ಎನ್ನುತ್ತಾರೆ. ಕೆಲವದರಲ್ಲಿ ಮೂರೇ ಇರುತ್ತವೆ. ಹರಳು ಇನ್ನಷ್ಟು ತೆರೆದುಕೊಂಡು ಕಾಣುತ್ತದೆ, ಆದರೆ ಒಂದು ಉಗುರು ಮುರಿದರೆ ಹರಳು ಹೋದಂತೆಯೇ. ಹರಳಿನ ಸುತ್ತ ಲೋಹದ ಅಂಚು ಕಟ್ಟುವ ಬೆಜೆಲ್ ಎಂಬ ಬಗೆಯೂ ಇದೆ. ಅದು ಹರಳಿನ ಸುತ್ತ ಚಿನ್ನ ಕಟ್ಟಿದ ನಮ್ಮ ಹಳೆಯ ಒಡವೆಗಳನ್ನು ನೆನಪಿಸುತ್ತದೆ; ಹೊಳಪು ಒಂದು ಚೂರು ಕಡಿಮೆ, ಭದ್ರತೆ ಹೆಚ್ಚು. ದಿನವೂ ಧರಿಸುವೆ, ಮನೆಗೆಲಸವನ್ನೂ ಮಾಡುವೆ ಎನ್ನುವವರಿಗೆ ನಾನು ಬೆಜೆಲ್ಲನ್ನೇ ಸೂಚಿಸುತ್ತೇನೆ. ಉಗುರಿನ ಬಗೆಯೇ ಬೇಕೆಂದರೆ, ಕೊಳ್ಳುವ ಮೊದಲು ಸೆರಗಿನ ತುದಿಯನ್ನೋ ದುಪಟ್ಟಾವನ್ನೋ ಅದರ ಮೇಲೆ ಎರಡೂ ದಿಕ್ಕಿನಲ್ಲಿ ಎಳೆದು ನೋಡಿ. ಒಂದೇ ಒಂದು ನೂಲು ಸಿಕ್ಕಿಕೊಂಡರೂ ಉಗುರೊಂದು ಮೇಲೆದ್ದಿದೆ ಎಂದು ತಿಳಿಯಬೇಕು.

ಈ ಪರೀಕ್ಷೆಯನ್ನು ನಾನು ಕಲಿತದ್ದು ನಷ್ಟಪಟ್ಟು. ಹಲವು ವರ್ಷಗಳ ಹಿಂದೆ ಚಿಕ್ಕಪ್ಪನ ಮಗಳ ಮದುವೆಗೆ ಅಮ್ಮನ ಬ್ರೇಸ್‌ಲೆಟ್ ಹಾಕಿಕೊಂಡು ಹೋಗಿದ್ದೆ. ಬೆಳಗಿನಿಂದ ಎರಡು ಮೂರು ಬಾರಿ ಅದು ಸೀರೆಯ ಜರಿಗೆ ಸಿಕ್ಕಿಕೊಂಡಿತ್ತು. ಪ್ರತಿ ಬಾರಿಯೂ ಬಿಡಿಸಿಕೊಂಡು ಸುಮ್ಮನಾದೆ. ಧಾರೆಯಾಗಿ ಅಕ್ಷತೆ ಹಾಕಿ ಕೈ ಕೆಳಗಿಳಿಸಿದಾಗ ಸಾಲಿನ ನಡುವೆ ಒಂದು ಗೂಡು ಬರಿದಾಗಿತ್ತು. ಮಂಟಪದ ಸುತ್ತ ಚೆಲ್ಲಿದ್ದ ಅಕ್ಕಿಯನ್ನೆಲ್ಲ ನಾವು ನಾಲ್ಕು ಜನ ಮೊರಕ್ಕೆ ಗುಡಿಸಿ ತುಂಬಿಕೊಂಡು ಆರಿಸಿದೆವು, ಹರಳು ಸಿಗಲಿಲ್ಲ. ಅದನ್ನು ಮಾಡಿಕೊಟ್ಟಿದ್ದ ಅಂಗಡಿಯವರು ಬೇರೊಂದು ಹರಳು ಕೂರಿಸಿದರು. ಅಳತೆ ಸರಿಯಾಗಿತ್ತು, ಬಣ್ಣ ಮಾತ್ರ ಒಂದು ಕೂದಲೆಳೆಯಷ್ಟು ಹಳದಿ. ಅಮ್ಮ ಏನೂ ಅನ್ನಲಿಲ್ಲ. ಆದರೆ ಇಂದಿಗೂ ಆ ಬ್ರೇಸ್‌ಲೆಟ್ ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಆ ಹರಳಿನ ಮೇಲೆಯೇ.

ಈಗ ಕ್ಯಾರೆಟ್ಟಿನ ಲೆಕ್ಕಕ್ಕೆ ಬರೋಣ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಅದರ ನೂರನೆಯ ಒಂದು ಭಾಗಕ್ಕೆ ವ್ಯಾಪಾರದಲ್ಲಿ ಸೆಂಟ್ ಎನ್ನುತ್ತಾರೆ. ಬ್ರೇಸ್‌ಲೆಟ್‌ಗೆ ಹೇಳುವ ಕ್ಯಾರೆಟ್ ಎಲ್ಲ ಹರಳುಗಳ ಒಟ್ಟು ತೂಕ. ಸಾಮಾನ್ಯ ದುಂಡು ವಜ್ರ 2 ಮಿಲಿಮೀಟರ್ ಅಗಲವಿದ್ದರೆ ಸುಮಾರು 3 ಸೆಂಟ್, 3 ಮಿಲಿಮೀಟರ್ ಇದ್ದರೆ 10 ಸೆಂಟಿನ ಆಸುಪಾಸು, 4 ಮಿಲಿಮೀಟರ್ ಇದ್ದರೆ ಸುಮಾರು 25 ಸೆಂಟ್ ತೂಗುತ್ತದೆ. ಏಳು ಇಂಚಿನ ಬ್ರೇಸ್‌ಲೆಟ್‌ನಲ್ಲಿ 2 ಮಿಲಿಮೀಟರಿನವು ಎಂಬತ್ತರ ಹತ್ತಿರ ಹಿಡಿಯುತ್ತವೆ, ಒಟ್ಟು ಎರಡೂವರೆ ಕ್ಯಾರೆಟ್‌ಗೆ ತುಸು ಕಡಿಮೆ; 4 ಮಿಲಿಮೀಟರಿನವು ನಲವತ್ತು ಹಿಡಿದರೂ ಒಟ್ಟು ಹತ್ತು ಕ್ಯಾರೆಟ್ ಆಗುತ್ತದೆ. ಕಣ್ಣಿಗೆ ಕಾಣುವ ಅಗಲ ಎರಡರಷ್ಟಾದರೆ ವಜ್ರದ ಒಟ್ಟು ತೂಕ ನಾಲ್ಕರಷ್ಟಾಗುತ್ತದೆ. ಬೆಲೆ ಅದಕ್ಕಿಂತಲೂ ಹೆಚ್ಚು ಏರುತ್ತದೆ, ಏಕೆಂದರೆ ದೊಡ್ಡ ಹರಳಿಗೆ ಕ್ಯಾರೆಟ್ಟಿನ ದರವೇ ಬೇರೆ. ಆದ್ದರಿಂದ ಎರಡು ಬ್ರೇಸ್‌ಲೆಟ್‌ಗಳನ್ನು ಹೋಲಿಸುವಾಗ ಒಟ್ಟು ಕ್ಯಾರೆಟ್ ಮಾತ್ರ ಸಾಲದು. ಹರಳು ಎಷ್ಟು, ಒಂದೊಂದರ ಅಗಲ ಎಷ್ಟು ಎಂಬುದನ್ನೂ ಕೇಳಿ ಬರೆದುಕೊಳ್ಳಿ. ತೆಳ್ಳಗಿನ ಕೈಗೆ 2ರಿಂದ ಎರಡೂವರೆ ಮಿಲಿಮೀಟರ್ ಸಾಕು. ಅದಕ್ಕಿಂತ ದಪ್ಪ ಎಳೆ ನಮ್ಮ ಬಳೆಗಳ ಪಕ್ಕದಲ್ಲಿ ಭಾರವಾಗಿ ಕಾಣುತ್ತದೆ ಎಂಬುದು ನನ್ನ ಅಭಿರುಚಿಯ ಮಾತು.

ಬಣ್ಣ ಮತ್ತು ಶುದ್ಧತೆಯ ವಿಚಾರದಲ್ಲಿ ನಮ್ಮ ಕಡೆಯ ಅಂಗಡಿಗಳಲ್ಲಿ ಇಎಫ್ ವಿವಿಎಸ್ ಎಂಬುದು ಮಂತ್ರದಂತೆ ಕೇಳಿಬರುತ್ತದೆ. ಬಣ್ಣವನ್ನು ಡಿ ಅಕ್ಷರದಿಂದ ಝಡ್‌ವರೆಗೆ ಅಳೆಯುತ್ತಾರೆ, ಡಿ ಎಂದರೆ ಪೂರ್ತಿ ನಿರ್ವರ್ಣ, ಇ ಮತ್ತು ಎಫ್ ಅದರ ನಂತರದ ದರ್ಜೆಗಳು. ವಿವಿಎಸ್ ಎಂದರೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲೂ ದೋಷ ಕಾಣುವುದು ಬಹಳ ಕಷ್ಟ ಎಂದರ್ಥ. ಒಂಟಿ ಹರಳಿನ ಮೂಗುತಿಗೆ, ಓಲೆಗೆ ಆ ದರ್ಜೆ ಬೇಕೆನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ 2 ಮಿಲಿಮೀಟರಿನ ಹರಳು ಕೈಮೇಲೆ ಓಡಾಡುತ್ತಿರುವಾಗ ವಿವಿಎಸ್ ಯಾವುದು, ಅದಕ್ಕಿಂತ ಕೆಳಗಿನ ವಿಎಸ್ ಯಾವುದು ಎಂದು ನಾನೂ ಬರಿಗಣ್ಣಿನಲ್ಲಿ ಹೇಳಲಾರೆ. ಜಿ ಅಥವಾ ಎಚ್ ಬಣ್ಣ, ವಿಎಸ್ ಶುದ್ಧತೆ ಇದ್ದರೆ ಧಾರಾಳವಾಯಿತು; ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಐ ಬಣ್ಣವೂ ಸಲ್ಲುತ್ತದೆ. ಅಲ್ಲಿ ಉಳಿದ ಹಣವನ್ನು ಒಳ್ಳೆಯ ಕತ್ತರಿಕೆಗೂ ಒಳ್ಳೆಯ ಕೂರಿಕೆಗೂ ಹಾಕಿ. ಹರಳು ಹೊಳೆಯುವುದು ಅದರ ಮುಖಗಳನ್ನು ಸರಿಯಾದ ಕೋನದಲ್ಲಿ ತೀಡಿರುವುದರಿಂದ. ಸಾಲು ಚೆಂದ ಕಾಣುವುದಕ್ಕೆ ಎಲ್ಲ ಹರಳೂ ಒಂದೇ ದರ್ಜೆಯದಾಗಿರಬೇಕು, ಆ ದರ್ಜೆ ಎಲ್ಲಕ್ಕಿಂತ ಮೇಲಿನದೇ ಆಗಬೇಕಾಗಿಲ್ಲ. ಅಂಗಡಿಯ ದೀಪಗಳ ಕೆಳಗೆ ಎಲ್ಲವೂ ಹೊಳೆಯುತ್ತದೆ. ಬಾಗಿಲ ಬಳಿ ಹಗಲಿನ ಬೆಳಕಿಗೆ ಒಯ್ದು, ಬಿಳಿಯ ಕರವಸ್ತ್ರದ ಮೇಲೆ ಹರಡಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿ.

ಪ್ರಮಾಣಪತ್ರ ಕೊಟ್ಟರೆ ಅದನ್ನು ಓದಿ. ಇಂಥ ಆಭರಣಕ್ಕೆ ಒಂದೊಂದು ಹರಳಿಗೂ ಬೇರೆ ಬೇರೆ ಪತ್ರ ಇರುವುದಿಲ್ಲ. ಇಡೀ ಬ್ರೇಸ್‌ಲೆಟ್‌ಗೆ ಸೇರಿ ಒಂದು ವರದಿ ಇರುತ್ತದೆ, ಅದರಲ್ಲಿ ಬಣ್ಣವನ್ನೂ ಶುದ್ಧತೆಯನ್ನೂ ಇಂತಿಂಥ ದರ್ಜೆಗಳ ನಡುವೆ ಎಂದು ಬರೆದಿರುತ್ತಾರೆ.

"ಲ್ಯಾಬಿನಲ್ಲಿ ಮಾಡಿದ ವಜ್ರ ತಗೊಳ್ಳಬಹುದಾ?" ಎಂದು ಸಭೆಯಲ್ಲಿ ಒಬ್ಬ ಯುವತಿ ಕೇಳಿದರು. ಈಗ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ ಅದು. ಒತ್ತಡ ಮತ್ತು ಶಾಖದಿಂದ ವಜ್ರ ತಯಾರಿಸುವುದನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ವಿಜ್ಞಾನಿಗಳು 1954ರ ಡಿಸೆಂಬರಿನಲ್ಲೇ ಸಾಧಿಸಿದ್ದರು. ಅನಿಲದಿಂದ ಇಂಗಾಲವನ್ನು ಪದರಪದರವಾಗಿ ಕೂರಿಸಿ ಬೆಳೆಸುವ ಸಿವಿಡಿ ವಿಧಾನ ಈಗ ಸೂರತ್ತಿನಲ್ಲಿ ದೊಡ್ಡ ಉದ್ಯಮವಾಗಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಈ ಕ್ಷೇತ್ರದ ಸಂಶೋಧನೆಗೆಂದು ಐಐಟಿಯೊಂದಕ್ಕೆ ಐದು ವರ್ಷಗಳ ಅನುದಾನವನ್ನೂ ಘೋಷಿಸಲಾಯಿತು. ಅದು ನಕಲಿ ಹರಳಲ್ಲ. ಗುಣದಲ್ಲಿ ವಜ್ರವೇ, ಗಟ್ಟಿತನದಲ್ಲೂ ವಜ್ರವೇ. ಬರಿಗಣ್ಣಿಗಿರಲಿ, ಭೂತಗನ್ನಡಿಗೂ ವ್ಯತ್ಯಾಸ ಸಿಗುವುದಿಲ್ಲ, ಪ್ರಯೋಗಾಲಯದ ಯಂತ್ರಗಳೇ ಬೇಕು. ಆದರೆ ಕಳೆದ ಕೆಲವು ವರ್ಷಗಳಲ್ಲಿ ಅದರ ಬೆಲೆ ಬಹಳವಾಗಿ ಕುಸಿದಿದೆ, ಮರುಮಾರಾಟಕ್ಕೆ ಹೋದರೆ ಸಿಗುವುದು ತೀರ ಕಡಿಮೆ. ಕೂಡಿಟ್ಟ ಹಣವೆಂದು ಭಾವಿಸದೆ ಧರಿಸುವ ಸಂತೋಷಕ್ಕೆ ಕೊಳ್ಳುವವರಿಗೆ ಅದು ಒಳ್ಳೆಯ ಆಯ್ಕೆ. ಬಿಲ್ಲಿನಲ್ಲಿ ಮಾತ್ರ ನೈಸರ್ಗಿಕವೋ ಲ್ಯಾಬ್ ಗ್ರೋನ್ ಎಂದೋ ಸ್ಪಷ್ಟವಾಗಿ ಬರೆಸಿಕೊಳ್ಳಲೇಬೇಕು, ಏಕೆಂದರೆ ಸಣ್ಣ ಹರಳುಗಳ ಪೊಟ್ಟಣದಲ್ಲಿ ಎರಡೂ ಬೆರೆತುಹೋಗುವ ಆತಂಕ ವ್ಯಾಪಾರಿಗಳಿಗೇ ಇದೆ. ಅಮೆರಿಕನ್ ಡೈಮಂಡ್ ಎಂದು ನಾವು ಕರೆಯುವ ಹರಳು ಇದಲ್ಲ. ಅದು ಜಿರ್ಕೋನಿಯಾ, ಅದೇ ಅಳತೆಯ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೂಗುತ್ತದೆ, ಕೆಲವು ವರ್ಷಗಳಲ್ಲಿ ಅಂಚು ಸವೆದು ಮಂಕಾಗುತ್ತದೆ.

ಚಿನ್ನದ ವಿಚಾರದಲ್ಲಿ ಹಿರಿಯರು ಒಪ್ಪಲು ಹಿಂಜರಿಯುವ ಮಾತೊಂದಿದೆ. ನಮ್ಮ ಮನೆಗಳಲ್ಲಿ ಒಡವೆಯೆಂದರೆ 22 ಕ್ಯಾರೆಟ್, 916. ಇಲ್ಲಿ ಕ್ಯಾರೆಟ್ ಎಂದರೆ ಹರಳಿನ ತೂಕವಲ್ಲ, ಚಿನ್ನದ ಶುದ್ಧತೆಯ ಅಳತೆ; 916 ಎಂದರೆ ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ. ಆದರೆ ಆ ಚಿನ್ನ ಮೆದು. ತೆಳ್ಳಗಿನ ಉಗುರುಗಳೂ ಚಿಕ್ಕ ಕೀಲುಗಳೂ ಅದರಲ್ಲಿ ಬೇಗ ಬಾಗುತ್ತವೆ, ಸವೆಯುತ್ತವೆ. ಟೆನಿಸ್ ಬ್ರೇಸ್‌ಲೆಟ್‌ಗೆ 18 ಕ್ಯಾರೆಟ್ ತಕ್ಕದ್ದು, 14 ಕ್ಯಾರೆಟ್ ಇನ್ನೂ ಗಡಸು. ಅಮೆರಿಕದಲ್ಲಿರುವ ಮಗಳು ತಂದುಕೊಟ್ಟದ್ದರಲ್ಲಿ 14ಕೆ ಅಥವಾ 585 ಎಂಬ ಮುದ್ರೆ ಕಂಡು ಬೇಸರಪಟ್ಟವರನ್ನು ನಾನು ನೋಡಿದ್ದೇನೆ. ಬೇಸರಕ್ಕೆ ಕಾರಣವಿಲ್ಲ, ಅಲ್ಲಿ ಅದೇ ರೂಢಿ. ಬಿಳಿಯ ಚಿನ್ನದ ಮೇಲೆ ರೋಡಿಯಂ ಎಂಬ ಲೋಹದ ಲೇಪ ಇರುತ್ತದೆ, ಅದು ಸವೆದಾಗ ಹಳದಿ ಛಾಯೆ ಇಣುಕುತ್ತದೆ, ಮತ್ತೆ ಲೇಪ ಹಾಕಿಸಬೇಕು. ಪ್ಲಾಟಿನಂಗೆ ಆ ತೊಂದರೆ ಇಲ್ಲ, ಆದರೆ ತೂಕ ಹೆಚ್ಚು. ಇಲ್ಲಿ ಕೊಳ್ಳುವ ಚಿನ್ನದ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 18ಕೆ750 ಎಂಬಂಥ ಶುದ್ಧತೆಯ ಮುದ್ರೆ ಮತ್ತು ಎಚ್‌ಯುಐಡಿ, ಅಂದರೆ ಪ್ರತಿ ಆಭರಣಕ್ಕೂ ಬೇರೆಯಾಗಿರುವ ಆರು ಅಕ್ಷರ ಅಂಕಿಗಳ ಗುರುತಿನ ಸಂಖ್ಯೆ ಇರಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಆಭರಣಕ್ಕೆ ಎಚ್‌ಯುಐಡಿ ಕಡ್ಡಾಯವಾಗಿದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿ ಅಂಗಡಿಯಲ್ಲೇ ಪರಿಶೀಲಿಸಬಹುದು. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ವಜ್ರದ ತೂಕ ಮತ್ತು ದರ, ಮಜೂರಿ ಇವೆಲ್ಲ ಬೇರೆ ಬೇರೆಯಾಗಿರಲಿ. ಐದು ಕ್ಯಾರೆಟ್ ಎಂದರೆ ಒಂದು ಗ್ರಾಂ. ಮೂರು ಕ್ಯಾರೆಟ್ ಹರಳಿರುವ ಬ್ರೇಸ್‌ಲೆಟ್ ಒಟ್ಟು 12.6 ಗ್ರಾಂ ತೂಗಿದರೆ ಚಿನ್ನದ ಲೆಕ್ಕ 12 ಗ್ರಾಂಗೆ ಮಾತ್ರ ಬರಬೇಕು.

ಉದ್ದವನ್ನು ಅಂದಾಜಿನಲ್ಲಿ ಹೇಳಬೇಡಿ. ಮಣಿಕಟ್ಟಿನ ಮೂಳೆಯ ಮೇಲೆ ದಾರ ಸುತ್ತಿ ಅಳೆದು, ಅದಕ್ಕೆ ಅರ್ಧದಿಂದ ಮುಕ್ಕಾಲು ಇಂಚು ಸೇರಿಸಿ. ಧರಿಸಿದಾಗ ಒಂದು ಬೆರಳು ಸಲೀಸಾಗಿ ಹೋಗಬೇಕು. ಬಿಸಿಲಿಗೆ ಕೈ ತುಸು ಊದಿಕೊಳ್ಳುವುದರಿಂದ ಸಂಜೆ ಅಳೆಯುವುದು ಒಳ್ಳೆಯದು. ತೀರ ಸಡಿಲವಾದರೆ ಮಗುಚಿ ಬೀಳುತ್ತದೆ, ಬಿಗಿಯಾದರೆ ಕೀಲುಗಳ ಮೇಲೆ ಒತ್ತಡ ಬೀಳುತ್ತದೆ. ಚಿನ್ನದ ಬಳೆ ಅಥವಾ ಗಡಿಯಾರ ಇರುವ ಕೈಗೆ ಇದನ್ನು ಹಾಕಬೇಡಿ. ವಜ್ರ ಎರಡನ್ನೂ ಗೀರುತ್ತದೆ.

ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಅಂಟುತ್ತದೆ. ಗಣಿಗಳಲ್ಲಿ ಜಿಡ್ಡು ಬಳಿದ ಹಲಗೆಯ ಮೇಲೆ ಕಲ್ಲುಮಣ್ಣನ್ನು ನೀರಿನಲ್ಲಿ ಹರಿಸಿ, ಅಂಟಿಕೊಂಡು ಉಳಿದ ವಜ್ರಗಳನ್ನು ಹೆಕ್ಕುತ್ತಿದ್ದದ್ದು ಇದೇ ಗುಣವನ್ನು ನಂಬಿ. ಕೊಬ್ಬರಿ ಎಣ್ಣೆ, ಚಪಾತಿ ಹಿಟ್ಟು, ಕೈಗೆ ಹಚ್ಚುವ ಕ್ರೀಮು ಎಲ್ಲವೂ ಹರಳಿನ ಹಿಂಬದಿಯಲ್ಲಿ ಕೂತು ಅದನ್ನು ಮಂಕಾಗಿಸುತ್ತವೆ. ನಮ್ಮಜ್ಜಿ ಅಂಟುವಾಳದ ಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ, ನೊರೆ ಬರಿಸಿ, ಬೆಂಡೋಲೆಯನ್ನು ಅದರಲ್ಲಿ ಅದ್ದಿಡುತ್ತಿದ್ದರು. ಇಲ್ಲೂ ಅದೇ ಸಾಕು. ಬೆಚ್ಚಗಿನ ನೀರು, ಅಂಟುವಾಳದ ನೊರೆ ಅಥವಾ ಮೃದುವಾದ ಸೋಪು, ಮಗುವಿನ ಹಲ್ಲುಜ್ಜುವ ಬ್ರಷ್ಷು. ಹಿಂಬದಿಯಿಂದ ಉಜ್ಜಿ, ಕೆಳಗೆ ಒಂದು ಬಟ್ಟಲಿಟ್ಟುಕೊಳ್ಳಿ, ಸಿಂಕಿನ ಮೇಲೆ ನೇರವಾಗಿ ತೊಳೆಯಬೇಡಿ. ಒಣಗಿದ ಮೇಲೆ ಬೇರೆ ಒಡವೆಗಳ ಜೊತೆ ಸೇರಿಸದೆ, ಲಾಕ್ ಹಾಕಿ, ಉದ್ದವಾಗಿ ಮಲಗಿಸಿ ಇಡಿ. ವರ್ಷಕ್ಕೊಮ್ಮೆ ಉಗುರು ಮತ್ತು ಲಾಕನ್ನು ಅಕ್ಕಸಾಲಿಗರಿಗೆ ತೋರಿಸಿ.

ಕೊನೆಗೆ ಹಿರಿಯರೊಬ್ಬರು ಎದ್ದು ಹೇಳಿದರು: "ಮಗ ಕೊಡಿಸಿದ್ದು ನನಗೆ ಉದ್ದ ಆಗುತ್ತೆ ಕಣಮ್ಮ. ಎರಡು ಮೂರು ಹರಳು ತೆಗೆಸೋಣ ಅಂದ್ರೆ ಮನಸ್ಸು ಬರ್ತಿಲ್ಲ." ಖಂಡಿತ ತೆಗೆಸಬಹುದು ಎಂದೆ, ಕೀಲಿನಲ್ಲಿ ಬಿಡಿಸಿ, ಲಾಕನ್ನು ಮತ್ತೆ ಬೆಸೆಯುವುದು ದೊಡ್ಡ ಕೆಲಸವಲ್ಲ. ಆದರೆ ತೆಗೆದ ಕೊಂಡಿಗಳನ್ನು ಅಂಗಡಿಗೆ ಹಳೆಯ ಚಿನ್ನದ ಲೆಕ್ಕದಲ್ಲಿ ಕೊಟ್ಟುಬಿಡಬೇಡಿ, ಹರಳು ಸಮೇತ ಒಂದು ಪೊಟ್ಟಣದಲ್ಲಿ ಕಟ್ಟಿ ಬಿಲ್ಲಿನ ಜೊತೆಗೇ ಇಟ್ಟುಕೊಳ್ಳಿ. ಮೊಮ್ಮಗಳ ಕೈಗೆ ಉದ್ದ ಬೇಕಾದಾಗ ಮತ್ತೆ ಸೇರಿಸಬಹುದು. ಎಂದಾದರೂ ಒಂದು ಹರಳು ಉದುರಿಹೋದರೆ, ಆ ಗೂಡಿಗೆ ಸರಿಯಾಗಿ ಹೊಂದುವ ಹರಳು ಆ ಪೊಟ್ಟಣದಲ್ಲೇ ಇರುತ್ತದೆ.